ಮೇರಿ ಶೆಲ್ಲಿ: ಬೆಳ್ಳಿತೆರೆಯಲ್ಲಿ ಮಾತು ಕಳೆದುಕೊಂಡ ಜೀವಿಯ ತಾಯಿ

ಫ್ರಾಂಕೆನ್‌ಸ್ಟೈನ್ ಎಂದೊಡನೆ ಬಹುಪಾಲು ಜನರ ಕಣ್ಣೆದುರು ನಿಲ್ಲುವುದು ಒಂದೇ ಚಿತ್ರ. ಚಪ್ಪಟೆಯಾದ ನೆತ್ತಿ, ಭಾರವಾಗಿ ಇಳಿಬಿದ್ದ ರೆಪ್ಪೆಗಳು, ಕತ್ತಿನ ಇಕ್ಕೆಲಗಳಲ್ಲಿ ಕಬ್ಬಿಣದ ಬೋಲ್ಟು, ಕೈಚಾಚಿ ತಡವರಿಸುತ್ತ ನಡೆಯುವ, ಗುರುಗುಟ್ಟುವುದರ ಹೊರತು ಮಾತೇ ಬಾರದ ದೈತ್ಯಾಕೃತಿ. 1818ರಲ್ಲಿ ಪ್ರಕಟವಾದ ಮೂಲ ಕಾದಂಬರಿಯಲ್ಲಿ ಇವು ಯಾವುವೂ ಇಲ್ಲ. ಫ್ರಾಂಕೆನ್‌ಸ್ಟೈನ್ ಎಂಬುದು ಆ ಜೀವಿಯ ಹೆಸರೂ ಅಲ್ಲ. ಅದನ್ನು ಸೃಷ್ಟಿಸಿ, ಅದರ ಮುಖ ನೋಡಿ ಹೆದರಿ ಓಡಿದ ಯುವ ವಿದ್ಯಾರ್ಥಿಯ ಹೆಸರು. ಪುಸ್ತಕದ ಜೀವಿಗೆ ಹೆಸರಿಲ್ಲ, ಆದರೆ ಮಾತಿದೆ. ಅದು ಓದುತ್ತದೆ, ವಾದಿಸುತ್ತದೆ, ತನ್ನನ್ನು ಹುಟ್ಟಿಸಿದವನನ್ನು ನಿಲ್ಲಿಸಿ ಪ್ರಶ್ನಿಸುತ್ತದೆ.

ಆ ಮಾತನ್ನು ಮೊದಲು ರಂಗಭೂಮಿ, ಆಮೇಲೆ ಸಿನಿಮಾ ಕಸಿದುಕೊಂಡವು. ಕಾದಂಬರಿಯನ್ನು ಮೆಚ್ಚಿದವರು ಅದರ ಚಿತ್ರರೂಪಗಳನ್ನು ನೋಡಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಪಟ್ಟ ನಿರಾಸೆಯ ಮೂಲ ಇಲ್ಲಿದೆ. ಭಯ ಕಡಿಮೆಯಾಯಿತು ಎಂಬುದು ಅವರ ದೂರಲ್ಲ. ಭಯ ಹುಟ್ಟಿದ್ದು ಎಲ್ಲಿಂದ ಎಂಬುದನ್ನೇ ತೆರೆ ಮರೆಮಾಚಿತು ಎಂಬುದು ಅವರ ಕೊರಗು. ಇದು ಅರ್ಥವಾಗಬೇಕಾದರೆ ಕಾದಂಬರಿ ಬರೆದ ಮೇರಿ ಶೆಲ್ಲಿಯವರ ಬದುಕನ್ನು ನೋಡಬೇಕು.

ಸಮಾಧಿಯ ಬಳಿ ಕಲಿತ ಓದು

ಮೇರಿ ಹುಟ್ಟಿದ್ದು ಲಂಡನ್ನಿನ ಸೋಮರ್ಸ್ ಟೌನ್‌ನಲ್ಲಿ, 1797ರ ಆಗಸ್ಟ್ 30ರಂದು. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಹಿಳೆಯರ ಹಕ್ಕುಗಳ ಪ್ರತಿಪಾದನೆಗೆ ಹೆಸರಾದವರು. ಆ ವಿಷಯವಾಗಿ 1792ರಲ್ಲಿ ಅವರು ಬರೆದ ಗ್ರಂಥ ಇಂದಿಗೂ ಓದಲ್ಪಡುತ್ತಿದೆ. ತಂದೆ ವಿಲಿಯಂ ಗಾಡ್ವಿನ್ ತತ್ವಜ್ಞಾನಿ ಮತ್ತು ಕಾದಂಬರಿಕಾರ; ಸರ್ಕಾರ, ಆಸ್ತಿ, ವಿವಾಹ ಮೊದಲಾದ ಸಂಸ್ಥೆಗಳನ್ನೆಲ್ಲ ಪ್ರಶ್ನಿಸಿದ ವಿಚಾರವಾದಿ. ಹೆರಿಗೆಯ ನಂತರ ನಂಜೇರಿ ತಾಯಿ ಸೆಪ್ಟೆಂಬರ್ 10ರಂದು ತೀರಿಕೊಂಡರು. ಆಗ ಮಗುವಿಗೆ ಕೇವಲ ಹನ್ನೊಂದು ದಿನ. ತನ್ನ ಹುಟ್ಟೇ ತಾಯಿಯ ಸಾವಿಗೆ ಕಾರಣವಾಯಿತೆಂಬ ಅರಿವು ಮೇರಿ ಅವರನ್ನು ಬಾಲ್ಯದಿಂದಲೇ ಹಿಂಬಾಲಿಸಿತು.

ಮನೆಯಲ್ಲಿ ತಾಯಿಯ ಮೊದಲ ಸಂಬಂಧದ ಮಗಳಾದ ಫ್ಯಾನಿ ಇದ್ದಳು. 1801ರಲ್ಲಿ ಗಾಡ್ವಿನ್ ಮರುಮದುವೆಯಾದಾಗ ಮಲತಾಯಿಯೊಂದಿಗೆ ಆಕೆಯ ಮಕ್ಕಳೂ ಬಂದರು. ಅವರಲ್ಲಿ ಒಬ್ಬಳು ಮುಂದೆ ಕ್ಲೇರ್ ಎಂದು ಹೆಸರಾದವಳು. ದಂಪತಿ ಮಕ್ಕಳ ಪುಸ್ತಕಗಳ ಪ್ರಕಾಶನವೊಂದನ್ನು ನಡೆಸುತ್ತಿದ್ದರು. ಸಾಲ ಮಾತ್ರ ತೀರುತ್ತಿರಲಿಲ್ಲ. ಮಲತಾಯಿಗೂ ಮೇರಿ ಅವರಿಗೂ ಹೊಂದಾಣಿಕೆಯಿರಲಿಲ್ಲ. ಕ್ರಮಬದ್ಧ ಶಾಲಾ ಶಿಕ್ಷಣ ದೊರೆತದ್ದು ಕಡಿಮೆ. ಆದರೆ ತಂದೆಯ ಗ್ರಂಥಭಂಡಾರ ತೆರೆದಿತ್ತು. ಕವಿ ಕೋಲ್‌ರಿಜ್ ಅವರಂತಹವರು ಮನೆಗೆ ಬಂದುಹೋಗುತ್ತಿದ್ದರು. ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಅಂಗಳದಲ್ಲಿದ್ದ ತಾಯಿಯ ಸಮಾಧಿಯ ಪಕ್ಕದಲ್ಲಿ ಕುಳಿತು ಓದುವುದು ಆಕೆಯ ರೂಢಿಯಾಯಿತು. 1812ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಪರಿಚಿತ ಕುಟುಂಬವೊಂದರ ಬಳಿಗೆ ಕಳುಹಿಸಲ್ಪಟ್ಟ ಮೇರಿ, ಅಲ್ಲಿನ ಬೋಳು ಬೆಟ್ಟಗಳ ನಡುವೆ ಕಥೆ ಕಟ್ಟುವುದನ್ನು ಕಲಿತರು.

ಮನೆ ಬಿಟ್ಟ ಹುಡುಗಿ

ಲಂಡನ್ನಿಗೆ ಮರಳಿದಾಗ ತಂದೆಯ ಶಿಷ್ಯನಾಗಿ ಮನೆಗೆ ಬರುತ್ತಿದ್ದ ಕವಿ ಪರ್ಸಿ ಶೆಲ್ಲಿಯ ಒಡನಾಟ ಬೆಳೆಯಿತು. ನಾಸ್ತಿಕವಾದದ ಕಿರುಹೊತ್ತಿಗೆಗಾಗಿ 1811ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟಿದ್ದ ಶೆಲ್ಲಿ, ಬ್ಯಾರನೆಟ್ ಪದವಿಯ ಮನೆತನದ ಉತ್ತರಾಧಿಕಾರಿ. ಆತನಿಗೆ ಆಗಲೇ ಮದುವೆಯಾಗಿತ್ತು. ಪತ್ನಿ ಹ್ಯಾರಿಯೆಟ್ ಗರ್ಭಿಣಿ. 1814ರ ಜುಲೈ 28ರಂದು ಹದಿನಾರರ ಮೇರಿ ಆತನೊಂದಿಗೆ ಫ್ರಾನ್ಸಿಗೆ ಹೊರಟುಹೋದರು. ಕ್ಲೇರ್ ಕೂಡ ಜತೆಗಿದ್ದಳು. ಹಣವಿಲ್ಲದೆ ಕೆಲವೇ ವಾರಗಳಲ್ಲಿ ಮೂವರೂ ಹಿಂದಿರುಗಬೇಕಾಯಿತು. ವಿವಾಹ ಸಂಸ್ಥೆಯನ್ನು ಟೀಕಿಸಿ ಪುಟಗಟ್ಟಲೆ ಬರೆದಿದ್ದ ಗಾಡ್ವಿನ್, ಸ್ವಂತ ಮಗಳಿಗೆ ಮನೆಯ ಬಾಗಿಲು ಮುಚ್ಚಿದರು. ಆದರೆ ಶೆಲ್ಲಿಯಿಂದ ಸಾಲಕ್ಕೆ ಹಣ ಕೇಳುವುದನ್ನು ನಿಲ್ಲಿಸಲಿಲ್ಲ. ಹೆತ್ತವನೇ ಮುಖ ತಿರುಗಿಸಿಕೊಳ್ಳುವುದೆಂದರೇನು ಎಂಬುದು ಮೇರಿ ಅವರಿಗೆ ಕಲ್ಪನೆಯ ವಿಷಯವಾಗಿರಲಿಲ್ಲ.

1815ರ ಫೆಬ್ರವರಿಯಲ್ಲಿ ಅವಧಿಗೆ ಮುನ್ನವೇ ಹೆಣ್ಣುಮಗು ಜನಿಸಿತು. ಹೆಸರಿಡುವ ಮೊದಲೇ ಮಾರ್ಚ್ ಆರಂಭದಲ್ಲಿ ತೀರಿಕೊಂಡಿತು. ಕೆಲ ದಿನಗಳ ನಂತರ ಮೇರಿ ತಮ್ಮ ದಿನಚರಿಯಲ್ಲಿ ಒಂದು ಕನಸನ್ನು ದಾಖಲಿಸಿದರು. ಮಗು ಸತ್ತಿರಲಿಲ್ಲ, ಚಳಿಗೆ ತಣ್ಣಗಾಗಿತ್ತಷ್ಟೆ. ಬೆಂಕಿಯ ಬಳಿ ಮೈ ತಿಕ್ಕಿದಾಗ ಜೀವ ಬಂದಿತ್ತು. ಎಚ್ಚರವಾದಾಗ ಮಗು ಇರಲಿಲ್ಲ. ಜೀವವಿಲ್ಲದ ದೇಹಕ್ಕೆ ಮತ್ತೆ ಜೀವ ಬರುವ ಕಲ್ಪನೆ ಅವರ ಲೇಖನಿಯಲ್ಲಿ ಮೊದಲು ಮೂಡಿದ್ದು ಭಯಕಥೆಯಾಗಿ ಅಲ್ಲ, ಒಬ್ಬ ತಾಯಿಯ ಹಂಬಲವಾಗಿ.

ಬೇಸಿಗೆ ಬಾರದ ವರ್ಷ

ಮರುವರ್ಷ ಜನವರಿಯಲ್ಲಿ ಮಗ ವಿಲಿಯಂ ಹುಟ್ಟಿದ. ಮೇ ತಿಂಗಳಲ್ಲಿ ಶೆಲ್ಲಿ, ಮೇರಿ, ಕ್ಲೇರ್ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡಕ್ಕೆ ಬಂದರು. ಸಮೀಪದ ವಿಲ್ಲಾ ಡಿಯೋಡಾಟಿಯಲ್ಲಿ ಕವಿ ಲಾರ್ಡ್ ಬೈರನ್ ಮತ್ತು ಅವರ ಖಾಸಗಿ ವೈದ್ಯ ಜಾನ್ ಪಾಲಿಡೊರಿ ತಂಗಿದ್ದರು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿ ಉಗುಳಿದ ಗಂಧಕದ ಧೂಳು ವಾಯುಮಂಡಲದ ಮೇಲ್ಪದರದಲ್ಲಿ ಹರಡಿ ಬಿಸಿಲನ್ನು ತಡೆದಿತ್ತು. 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಯಿತು, ಮಳೆ ಬಿಡಲಿಲ್ಲ. ಮನೆಯೊಳಗೇ ಉಳಿಯಬೇಕಾದ ಗೆಳೆಯರು ಫ್ರೆಂಚ್ ಭಾಷೆಗೆ ಬಂದಿದ್ದ ಜರ್ಮನ್ ದೆವ್ವದ ಕಥೆಗಳನ್ನು ಓದಿದರು. ಪ್ರತಿಯೊಬ್ಬರೂ ಒಂದೊಂದು ಭಯಕಥೆ ಬರೆಯಬೇಕೆಂದು ಬೈರನ್ ಸೂಚಿಸಿದರು.

ಅದೇ ಕೂಟದಲ್ಲಿ ಹುಟ್ಟಿದ ಎಳೆಯೊಂದು ಪಾಲಿಡೊರಿಯ ರಕ್ತಪಿಶಾಚಿಯ ಕಥೆಯಾಗಿ 1819ರಲ್ಲಿ ಪ್ರಕಟವಾಯಿತು. ಮೇರಿ ಅವರಿಗೆ ಮಾತ್ರ ದಿನಗಟ್ಟಲೆ ಏನೂ ಹೊಳೆಯಲಿಲ್ಲ. ಬೈರನ್ ಮತ್ತು ಶೆಲ್ಲಿ ಜೀವದ ಮೂಲದ ಕುರಿತು ನಡೆಸುತ್ತಿದ್ದ ಚರ್ಚೆಗಳನ್ನು ಅವರು ಮೌನವಾಗಿ ಆಲಿಸುತ್ತಿದ್ದರು. ಸತ್ತ ಕಪ್ಪೆಯ ಕಾಲು ವಿದ್ಯುತ್ ತಗುಲಿದಾಗ ಮಿಡಿಯುವುದನ್ನು ಇಟಲಿಯ ಗಾಲ್ವಾನಿ ತೋರಿಸಿದ್ದರು. ಅವರ ಸೋದರಳಿಯ ಆಲ್ದೀನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಕೈದಿಯ ಶವದ ಮೇಲೆ ಅಂತಹದೇ ಪ್ರಯೋಗ ನಡೆಸಿದ್ದರು. ಅಂತಹ ಒಂದು ಚರ್ಚೆ ಕೇಳಿದ ರಾತ್ರಿ, ನಿದ್ದೆ ಬಾರದೆ ಮಲಗಿದ್ದ ಹದಿನೆಂಟರ ಮೇರಿ ಅವರ ಮನಸ್ಸಿನಲ್ಲಿ, ತಾನೇ ಜೋಡಿಸಿದ ದೇಹ ಕಣ್ಣು ತೆರೆದುದನ್ನು ಕಂಡು ಬೆದರಿ ನಿಂತ ಯುವಕನ ಚಿತ್ರ ಮೂಡಿತು.

ಬರವಣಿಗೆ ಇಂಗ್ಲೆಂಡಿಗೆ ಮರಳಿದ ಮೇಲೂ ಸಾಗಿತು. ಅದರ ನಡುವೆಯೇ ಎರಡು ಸಾವುಗಳು. ಅಕ್ಟೋಬರ್‌ನಲ್ಲಿ ಅಕ್ಕ ಫ್ಯಾನಿ ಸ್ವಾನ್ಸಿಯಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಡಿಸೆಂಬರ್‌ನಲ್ಲಿ ಶೆಲ್ಲಿಯ ಪತ್ನಿ ಹ್ಯಾರಿಯೆಟ್‌ಳ ಶವ ಲಂಡನ್ನಿನ ಹೈಡ್ ಪಾರ್ಕಿನ ಸರ್ಪೆಂಟೈನ್ ಕೊಳದಲ್ಲಿ ದೊರೆಯಿತು. ಡಿಸೆಂಬರ್ 30ರಂದು ಶೆಲ್ಲಿ ಮತ್ತು ಮೇರಿ ವಿವಾಹವಾದರು. ಗಾಡ್ವಿನ್ ಮಗಳನ್ನು ಮತ್ತೆ ಮಾತನಾಡಿಸಿದರು. 1817ರ ಮೇ ತಿಂಗಳಲ್ಲಿ ಹಸ್ತಪ್ರತಿ ಮುಗಿಯಿತು. ಕೆಲವು ಪ್ರಕಾಶಕರು ತಿರಸ್ಕರಿಸಿದ ಬಳಿಕ 1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ 500 ಪ್ರತಿಗಳು ಹೊರಬಂದವು. ಲೇಖಕರ ಹೆಸರಿರಲಿಲ್ಲ. ಮುನ್ನುಡಿ ಶೆಲ್ಲಿಯದು, ಅರ್ಪಣೆ ಗಾಡ್ವಿನ್ ಅವರಿಗೆ. ವಿಮರ್ಶೆ ಬರೆದ ಸರ್ ವಾಲ್ಟರ್ ಸ್ಕಾಟ್ ಸೇರಿದಂತೆ ಹಲವರು ಇದು ಪರ್ಸಿ ಶೆಲ್ಲಿಯ ಕೃತಿಯೆಂದೇ ಭಾವಿಸಿದರು.

ಪುಸ್ತಕದಲ್ಲಿರುವುದೇನು?

ಚಲನಚಿತ್ರಗಳಿಂದಲೇ ಈ ಕಥೆಯನ್ನು ಬಲ್ಲವರಿಗೆ ಪುಸ್ತಕ ಅಚ್ಚರಿ ತರುತ್ತದೆ. ಅಲ್ಲಿ ಗೋಪುರದ ತುದಿಗೆ ಎರಗುವ ಸಿಡಿಲಿಲ್ಲ, ಗೂನುಬೆನ್ನಿನ ಸಹಾಯಕನಿಲ್ಲ, ಪಂಜು ಹಿಡಿದು ಅಟ್ಟಿಸಿಕೊಂಡು ಬರುವ ಊರಜನರಿಲ್ಲ. ಜೀವ ತುಂಬಿದ ವಿಧಾನವನ್ನು ವಿಕ್ಟರ್ ಫ್ರಾಂಕೆನ್‌ಸ್ಟೈನ್ ಬೇಕೆಂದೇ ಹೇಳುವುದಿಲ್ಲ. ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ಈ ವಿದ್ಯಾರ್ಥಿ ಎಂಟು ಅಡಿ ಎತ್ತರದ ದೇಹವನ್ನು ಜೋಡಿಸುತ್ತಾನೆ. ನವೆಂಬರ್ ತಿಂಗಳ ಒಂದು ರಾತ್ರಿ ಅದು ಕಣ್ಣು ಬಿಟ್ಟಾಗ ಅದರ ರೂಪ ಕಂಡು ಹೇಸಿ ಕೋಣೆಯಿಂದ ಓಡಿಹೋಗುತ್ತಾನೆ. ಕಾದಂಬರಿಯ ಮೊದಲ ಅಪರಾಧ ಇದು. ಆ ಹೊತ್ತಿಗೆ ಜೀವಿ ಯಾರಿಗೂ ಕೇಡು ಬಗೆದಿಲ್ಲ.

ಕಥೆ ಮೂರು ಸುತ್ತಿನ ಕೋಟೆಯಂತಿದೆ. ಹೊರಗೆ ಉತ್ತರ ಧ್ರುವದತ್ತ ಹೊರಟ ನಾವಿಕ ವಾಲ್ಟನ್‌ನ ಪತ್ರಗಳು. ಅದರೊಳಗೆ ವಿಕ್ಟರ್‌ನ ನಿರೂಪಣೆ. ಎಲ್ಲಕ್ಕಿಂತ ಒಳಗೆ, ಪುಸ್ತಕದ ನಟ್ಟನಡುವೆ, ಜೀವಿಯೇ ಹೇಳುವ ತನ್ನ ಕಥೆ. ಕಾಡಿನಂಚಿನ ಮನೆಯೊಂದರ ಪಕ್ಕದ ಕೊಟ್ಟಿಗೆಯಲ್ಲಿ ಅವಿತಿದ್ದು, ಗೋಡೆಯ ಬಿರುಕಿನಿಂದ ಒಂದು ಬಡ ಕುಟುಂಬವನ್ನು ನೋಡುತ್ತ ಅದು ಭಾಷೆ ಕಲಿಯುತ್ತದೆ. ರಾತ್ರಿ ಅವರಿಗಾಗಿ ಸೌದೆ ತಂದಿಡುತ್ತದೆ. ದಾರಿಯಲ್ಲಿ ಸಿಕ್ಕ ಪುಸ್ತಕಗಳನ್ನು, ಮಿಲ್ಟನ್, ಪ್ಲುಟಾರ್ಕ್, ಗಯಟೆಯರ ಕೃತಿಗಳನ್ನು ಓದುತ್ತದೆ. ಧೈರ್ಯ ಮಾಡಿ ಆ ಮನೆಯ ಕುರುಡು ಮುದುಕನ ಬಳಿ ಹೋದಾಗ ಆತ ಮನುಷ್ಯನೊಡನೆ ಆಡುವಂತೆಯೇ ಮಾತನಾಡುತ್ತಾನೆ. ಕಣ್ಣುಳ್ಳವರು ಬಂದೊಡನೆ ಹೊಡೆದು ಅಟ್ಟುತ್ತಾರೆ. ನದಿಗೆ ಬಿದ್ದ ಹುಡುಗಿಯೊಬ್ಬಳನ್ನು ಅದು ಎತ್ತಿ ಬದುಕಿಸುತ್ತದೆ. ಪ್ರತಿಫಲವಾಗಿ ಗುಂಡೇಟು ದೊರೆಯುತ್ತದೆ. ಇದರ ನಂತರವೇ ಅದರ ಮನಸ್ಸು ಸೇಡಿಗೆ ತಿರುಗುವುದು. ವಿಕ್ಟರ್‌ನ ಪುಟ್ಟ ತಮ್ಮ ಮೊದಲ ಬಲಿ. ಆ ಬಾಲಕನಿಗೆ ಮೇರಿ ಇಟ್ಟ ಹೆಸರು ವಿಲಿಯಂ, ತಮ್ಮದೇ ಮಗುವಿನ ಹೆಸರು.

ನಮ್ಮಲ್ಲಿ ಈ ಕಥೆಯನ್ನು ಭಸ್ಮಾಸುರನಿಗೆ ಹೋಲಿಸುವುದುಂಟು. ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಬಂದವನ ಕಥೆ ತೆರೆಯ ಮೇಲಿನ ದೈತ್ಯನಿಗೆ ಒಪ್ಪುತ್ತದೆ. ಪುಸ್ತಕದ ಜೀವಿಗೆ ಹತ್ತಿರವಾಗುವವನು ಭಸ್ಮಾಸುರನಲ್ಲ, ಹುಟ್ಟಿದ ಗಳಿಗೆಯಲ್ಲೇ ಹೊಳೆಗೆ ಬಿಡಲ್ಪಟ್ಟ ಕರ್ಣ. ನನ್ನನ್ನು ಹುಟ್ಟಿಸಿ ಕೈಬಿಟ್ಟದ್ದೇಕೆ ಎಂದು ಕೇಳುವ ಹಕ್ಕು ಇಬ್ಬರಿಗೂ ಇದೆ. ಕೊಲೆಗಳನ್ನು ಕಾದಂಬರಿ ಕ್ಷಮಿಸುವುದಿಲ್ಲ. ಅವುಗಳ ಬೇರು ಜೀವಿಯ ಹುಟ್ಟಿನಲ್ಲಿಲ್ಲ, ಅದನ್ನು ತೊರೆದ ಕ್ರಿಯೆಯಲ್ಲಿದೆ ಎಂಬುದನ್ನು ಮಾತ್ರ ಮರೆಯಗೊಡುವುದಿಲ್ಲ.

ಸಾವಿನ ಸರಣಿ

ಪುಸ್ತಕ ಹೊರಬಂದ ವರ್ಷವೇ ಕುಟುಂಬ ಇಟಲಿಗೆ ತೆರಳಿತು. 1818ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಗಳು ಕ್ಲಾರಾ ವೆನಿಸ್‌ನಲ್ಲಿ ಅಸುನೀಗಿದಳು. 1819ರ ಜೂನ್‌ನಲ್ಲಿ ಮೂರು ವರ್ಷದ ವಿಲಿಯಂ ರೋಮ್‌ನಲ್ಲಿ ಜ್ವರಕ್ಕೆ ಬಲಿಯಾದ. ಆ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಪರ್ಸಿ ಫ್ಲಾರೆನ್ಸ್ ಒಬ್ಬನೇ ಬದುಕುಳಿದ ಮಗ. 1822ರ ಜೂನ್‌ನಲ್ಲಿ ಗರ್ಭಪಾತವಾಗಿ ರಕ್ತ ನಿಲ್ಲದಿದ್ದಾಗ ಶೆಲ್ಲಿ ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರಿಸಿ ಪತ್ನಿಯ ಜೀವ ಉಳಿಸಿದರು. ಮರುತಿಂಗಳು 8ರಂದು ಅವರೇ ಬಿರುಗಾಳಿಗೆ ಸಿಲುಕಿದ ದೋಣಿಯಲ್ಲಿ ಸಮುದ್ರಪಾಲಾದರು. ವಿಯಾರೆಜ್ಜೊ ಸಮೀಪದ ದಡದಲ್ಲಿ ದೇಹವನ್ನು ದಹಿಸಲಾಯಿತು. ಇಪ್ಪತ್ತೈದು ತುಂಬುವ ಮೊದಲೇ ಮೇರಿ ವಿಧವೆಯಾದರು.

ಕಣ್ಣೆದುರೇ ಮೂಕವಾದ ಪಾತ್ರ

ಮಗನೊಂದಿಗೆ 1823ರ ಆಗಸ್ಟ್‌ನಲ್ಲಿ ಲಂಡನ್ನಿಗೆ ಬಂದಿಳಿದ ಮೇರಿ ಅವರಿಗೆ ತಾವು ಪ್ರಸಿದ್ಧರಾಗಿರುವುದು ತಿಳಿಯಿತು. ಖ್ಯಾತಿ ಬಂದದ್ದು ಪುಸ್ತಕದಿಂದಲ್ಲ. ರಿಚರ್ಡ್ ಬ್ರಿನ್‌ಸ್ಲಿ ಪೀಕ್ ಎಂಬ ನಾಟಕಕಾರ ಕಾದಂಬರಿಯನ್ನು ರಂಗಕ್ಕೆ ಅಳವಡಿಸಿದ್ದರು. ಜುಲೈ 28ರಂದು ಇಂಗ್ಲಿಷ್ ಒಪೆರಾ ಹೌಸ್‌ನಲ್ಲಿ ಆರಂಭವಾದ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು; ಧರ್ಮಬಾಹಿರವೆಂದು ಕೆಲವರು ಕರಪತ್ರ ಹಂಚಿದ್ದರಿಂದ ಕುತೂಹಲ ಇನ್ನಷ್ಟು ಹೆಚ್ಚಿತ್ತು. ಆಗಸ್ಟ್ 29ರಂದು ಮೇರಿ ತಂದೆಯೊಂದಿಗೆ ಹೋಗಿ ನಾಟಕ ನೋಡಿದರು.

ಟಿ.ಪಿ. ಕುಕ್ ಎಂಬ ನಟ ಜೀವಿಯ ಪಾತ್ರ ವಹಿಸಿದ್ದರು. ಪಾತ್ರಗಳ ಪಟ್ಟಿಯಲ್ಲಿ ಅವರ ಹೆಸರಿನೆದುರು ಒಂದು ಖಾಲಿ ಗೆರೆ ಮಾತ್ರ ಇತ್ತು. ಹೆಸರಿಲ್ಲದ ಪಾತ್ರಕ್ಕೆ ಇಂತಹ ಗೆರೆಯನ್ನೇ ಇಟ್ಟದ್ದು ಮೇರಿ ಅವರಿಗೆ ಬಹಳ ಮೆಚ್ಚುಗೆಯಾಯಿತು. ಕುಕ್ ಅಭಿನಯವನ್ನೂ ಅವರು ಹೊಗಳಿದರು. ಕಥೆಯ ನಿರ್ವಹಣೆ ಮಾತ್ರ ಅಷ್ಟು ಚೆನ್ನಾಗಿಲ್ಲವೆಂದು ಭಾವಿಸಿದರು. ಆ ರಂಗದ ಮೇಲೆ ಜೀವಿ ಒಂದು ಮಾತನ್ನೂ ಆಡಲಿಲ್ಲ. ಪುಸ್ತಕದ ನಡುಭಾಗವನ್ನೆಲ್ಲ ತುಂಬಿದ್ದ ಆತ್ಮಕಥೆಯ ಜಾಗದಲ್ಲಿ ಹಾವಭಾವ ಮತ್ತು ಸಂಗೀತವಷ್ಟೇ ಉಳಿದವು. ಪುಸ್ತಕದಲ್ಲಿಲ್ಲದ ಫ್ರಿಟ್ಜ್ ಎಂಬ ಸಹಾಯಕನೊಬ್ಬ ಹುಟ್ಟಿಕೊಂಡಿದ್ದ. ಕೊನೆಯಲ್ಲಿ ಹಿಮಕುಸಿತ ಸೃಷ್ಟಿಯನ್ನೂ ಸೃಷ್ಟಿಕರ್ತನನ್ನೂ ಒಟ್ಟಿಗೆ ನುಂಗುತ್ತಿತ್ತು. ಮುಂದೆ ಸಿನಿಮಾಗಳು ಮಾಡಿದ ಬದಲಾವಣೆಗಳ ಬೀಜ ಈ ನಾಟಕದಲ್ಲೇ ಇತ್ತು.

ಕಾದಂಬರಿಯನ್ನು ನಾಟಕವಾಗಿಸಲು ಲೇಖಕರ ಅನುಮತಿ ಬೇಕೆಂಬ ಕಾನೂನು ಆಗ ಇರಲಿಲ್ಲ. ಹಾಗಾಗಿ ಈ ಯಶಸ್ಸಿನಿಂದ ಮೇರಿ ಅವರಿಗೆ ಹಣವೇನೂ ಬರಲಿಲ್ಲ. ಆದರೆ ನಾಟಕದ ಜನಪ್ರಿಯತೆ ಕಂಡು ಗಾಡ್ವಿನ್ ಅದೇ ಆಗಸ್ಟ್‌ನಲ್ಲಿ ಎರಡನೇ ಮುದ್ರಣ ಹೊರತಂದಿದ್ದರು. ಮುಖಪುಟದಲ್ಲಿ ಮೊದಲ ಬಾರಿಗೆ ಮೇರಿ ಶೆಲ್ಲಿ ಎಂಬ ಹೆಸರು ಅಚ್ಚಾಯಿತು. ಪಾತ್ರದ ಮಾತು ಹೋದ ತಿಂಗಳುಗಳಲ್ಲೇ ಲೇಖಕಿಗೆ ಹೆಸರು ಬಂದಿತು.

ಲೇಖನಿಯೇ ಆಸರೆ

ಮುಂದಿನ ಮೂರು ದಶಕ ಮೇರಿ ಬದುಕಿದ್ದು ಬರವಣಿಗೆಯಿಂದ. ಮಾವ ಸರ್ ತಿಮೊತಿ ಶೆಲ್ಲಿ ಮೊಮ್ಮಗನ ಪೋಷಣೆಗೆ ಅಲ್ಪ ಭತ್ಯೆ ಕೊಡಲು ಒಪ್ಪಿದರು, ಅದೂ ಸಾಲದ ರೂಪದಲ್ಲಿ. ಮಗ ಪರ್ಸಿಯ ಜೀವನಚರಿತ್ರೆಯನ್ನು ಪ್ರಕಟಿಸಕೂಡದು ಎಂಬ ಷರತ್ತೂ ಇತ್ತು. ಮಹಾಮಾರಿಯೊಂದು ಮನುಕುಲವನ್ನೇ ಅಳಿಸಿಹಾಕುವ ಕಥೆಯುಳ್ಳ 'ದಿ ಲಾಸ್ಟ್ ಮ್ಯಾನ್' 1826ರಲ್ಲಿ ಬಂದಿತು. ಐತಿಹಾಸಿಕ ಕಾದಂಬರಿಗಳು, ಸಣ್ಣಕಥೆಗಳು, ವಿಶ್ವಕೋಶಕ್ಕೆ ಬರೆದ ಸಾಹಿತಿಗಳ ಚರಿತ್ರೆಗಳು, ಪ್ರವಾಸ ಕಥನ ಒಂದರ ಹಿಂದೆ ಒಂದು ಬಂದವು. 1831ರಲ್ಲಿ 'ಫ್ರಾಂಕೆನ್‌ಸ್ಟೈನ್' ಅನ್ನು ತಿದ್ದಿ, ಅದು ಹುಟ್ಟಿದ ಬಗೆಯನ್ನು ವಿವರಿಸುವ ಪ್ರಸ್ತಾವನೆಯೊಂದಿಗೆ ಒಂದೇ ಸಂಪುಟದ ಅಗ್ಗದ ಆವೃತ್ತಿ ತಂದರು. ಮಗ ಹ್ಯಾರೋ ಶಾಲೆ ಸೇರಿದಾಗ ವಸತಿಯ ಖರ್ಚು ಉಳಿಸಲು ತಾವೇ ಆ ಊರಿಗೆ ಹೋಗಿ ನೆಲೆಸಿದರು. ಪತಿಯ ಚರಿತ್ರೆ ಬರೆಯಬಾರದೆಂಬ ಷರತ್ತನ್ನು ಮುರಿಯದೆ, 1839ರಲ್ಲಿ ಪ್ರಕಟಿಸಿದ ಆತನ ಸಮಗ್ರ ಕವಿತೆಗಳಿಗೆ ಬರೆದ ಟಿಪ್ಪಣಿಗಳಲ್ಲೇ ಆ ಬದುಕನ್ನು ಹೇಳಿದರು. ಶೆಲ್ಲಿ ಇಂದು ಮಹಾಕವಿಯೆನಿಸಿರುವುದರಲ್ಲಿ ಈ ಸಂಪಾದನೆಯ ಪಾಲು ದೊಡ್ಡದು.

1844ರಲ್ಲಿ ಮಾವ ತೀರಿಕೊಂಡು ಮಗನಿಗೆ ಪದವಿ, ಆಸ್ತಿ ಬಂದಾಗ ಮೇರಿ ಅವರ ಆರೋಗ್ಯ ಕುಸಿದಿತ್ತು. ಮೆದುಳಿನ ಗೆಡ್ಡೆಯಿಂದ ಎನ್ನಲಾದ ಕಾಯಿಲೆಗೆ ತುತ್ತಾಗಿ 1851ರ ಫೆಬ್ರವರಿ 1ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 53 ವರ್ಷ. ಒಂದು ವರ್ಷದ ನಂತರ ಅವರ ಮೇಜಿನ ಪೆಟ್ಟಿಗೆ ತೆರೆದಾಗ ತೀರಿಕೊಂಡ ಮಕ್ಕಳ ಕೂದಲ ಎಳೆಗಳೂ, ರೇಷ್ಮೆಯಲ್ಲಿ ಸುತ್ತಿಟ್ಟ ಪತಿಯ ಹೃದಯದ್ದೆನ್ನಲಾದ ಅವಶೇಷವೂ ದೊರೆತವು.

ಪ್ರಶ್ನಾರ್ಥಕ ಚಿಹ್ನೆಯ ದೈತ್ಯ

ಸಿನಿಮಾ ಈ ಕಾದಂಬರಿಯನ್ನು ಮೊದಲು ಕೈಗೆತ್ತಿಕೊಂಡದ್ದು 1910ರಲ್ಲಿ. ಎಡಿಸನ್ ಕಂಪನಿಗಾಗಿ ಜೆ. ಸರ್ಲ್ ಡಾಲಿ ನಿರ್ದೇಶಿಸಿದ ಕಿರುಚಿತ್ರ ಹದಿನೈದು ನಿಮಿಷಗಳ ಆಸುಪಾಸಿನದು. ಮೂಕಿಚಿತ್ರಗಳ ಕಾಲವಾದ್ದರಿಂದ ಯಾವ ಪಾತ್ರಕ್ಕೂ ಮಾತಿರಲಿಲ್ಲ. ಮಾತಿನ ಚಿತ್ರಗಳು ಬಂದ ಮೇಲೂ ಜೀವಿ ಮೂಕವಾಗಿಯೇ ಉಳಿದದ್ದು ವಿಚಿತ್ರ.

1931ರಲ್ಲಿ ಯೂನಿವರ್ಸಲ್ ಸಂಸ್ಥೆಗಾಗಿ ಜೇಮ್ಸ್ ವೇಲ್ ನಿರ್ದೇಶಿಸಿದ 'ಫ್ರಾಂಕೆನ್‌ಸ್ಟೈನ್' ಆಧರಿಸಿದ್ದು ನೇರವಾಗಿ ಕಾದಂಬರಿಯನ್ನಲ್ಲ, ಪೆಗ್ಗಿ ವೆಬ್ಲಿಂಗ್ ಅವರ ನಾಟಕವನ್ನು. ಆರಂಭದ ಪಾತ್ರಪಟ್ಟಿಯಲ್ಲಿ ದೈತ್ಯನ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. 1823ರ ಖಾಲಿ ಗೆರೆಯ ಮರುಹುಟ್ಟು ಇದು. ಮೂಲ ಲೇಖಕಿಯನ್ನು ನಮೂದಿಸಿದ್ದು ಶ್ರೀಮತಿ ಪರ್ಸಿ ಬಿ. ಶೆಲ್ಲಿ ಎಂದು. ಅವರ ಸ್ವಂತ ಹೆಸರು ಅಲ್ಲಿ ಇರಲೇ ಇಲ್ಲ.

ಬೋರಿಸ್ ಕಾರ್ಲಾಫ್ ಅಭಿನಯ ಮತ್ತು ಜ್ಯಾಕ್ ಪಿಯರ್ಸ್ ಅವರ ಪ್ರಸಾಧನ ಚಿತ್ರವನ್ನು ಭಯಾನಕ ಸಿನಿಮಾಗಳ ಮೈಲಿಗಲ್ಲಾಗಿಸಿದವು. ಮೇಲಿನಿಂದ ಬೀಳುವ ಬೆಳಕನ್ನು ಹಿಡಿಯಲು ಕೈಚಾಚುವ ದೃಶ್ಯದಲ್ಲಿ ಕಾರ್ಲಾಫ್ ಮಾತಿಲ್ಲದೆಯೇ ಮನ ಕಲಕುತ್ತಾರೆ. ಸಿನಿಮಾ ಎಂಬ ನೆಲೆಯಲ್ಲಿ ಅದನ್ನು ತೆಗಳುವವರು ವಿರಳ. ಪುಸ್ತಕ ಬಲ್ಲವರ ತಕರಾರು ಬೇರೆ. ಚಿತ್ರದಲ್ಲಿ ಸಹಾಯಕ ಫ್ರಿಟ್ಜ್, ಒಳ್ಳೆಯ ಮೆದುಳಿನ ಜಾಡಿಯನ್ನು ಕೈತಪ್ಪಿ ಬೀಳಿಸಿ, ಅಪರಾಧಿಯ ಮೆದುಳನ್ನು ತಂದುಕೊಡುತ್ತಾನೆ. ಈ ಒಂದು ದೃಶ್ಯ ಇಡೀ ಕಾದಂಬರಿಯನ್ನು ತಲೆಕೆಳಗು ಮಾಡುತ್ತದೆ. ದೋಷ ಹುಟ್ಟಿನಲ್ಲೇ ಇತ್ತೆಂದ ಮೇಲೆ ತೊರೆದವನ ಹೊಣೆ ಹಗುರಾಗುತ್ತದೆ. ಪುಸ್ತಕದಲ್ಲಿ ಮುಳುಗುವ ಹುಡುಗಿಯನ್ನು ಬದುಕಿಸಿ ಗುಂಡೇಟು ತಿಂದ ಜೀವಿ, ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಹೂವಿನಂತೆ ತೇಲಿಯಾಳೆಂದು ನೀರಿಗೆಸೆದು ಕೊಲ್ಲುತ್ತದೆ. ಉರಿಯುವ ಗಾಳಿಗಿರಣಿಯಲ್ಲಿ ಸಿಕ್ಕಿಬಿದ್ದ ದೈತ್ಯನನ್ನು ತೋರಿಸಿದ ಮೇಲೆ, ಸೃಷ್ಟಿಕರ್ತನ ಮನೆಯಲ್ಲಿ ಮದುವೆಯ ಸಂಭ್ರಮ ಮರಳುತ್ತದೆ.

ಮರಳಿ ಬಂದ ಮಾತು

1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರದಲ್ಲಿ ವೇಲ್ ಪುಸ್ತಕದ ಕುರುಡು ಮುದುಕನನ್ನು ತಂದರು. ಜೀವಿ ಕೆಲವು ತೊದಲು ಮಾತು ಕಲಿಯಿತು. ಎಲ್ಸಾ ಲ್ಯಾಂಚೆಸ್ಟರ್ ಆರಂಭದ ದೃಶ್ಯದಲ್ಲಿ ಸ್ವತಃ ಮೇರಿ ಶೆಲ್ಲಿಯಾಗಿಯೂ, ಕೊನೆಯಲ್ಲಿ ಜೀವಿಗಾಗಿ ಸೃಷ್ಟಿಯಾದ ವಧುವಾಗಿಯೂ ಕಾಣಿಸಿಕೊಂಡರು. ಅನೇಕ ವಿಮರ್ಶಕರು ಮೊದಲ ಚಿತ್ರಕ್ಕಿಂತ ಇದೇ ಮೇಲು ಎನ್ನುತ್ತಾರೆ. ಆದರೆ 1939ರ ಮುಂದಿನ ಭಾಗದಲ್ಲಿ ಮಾತು ಮತ್ತೆ ಮಾಯವಾಯಿತು. 1948ರ ವೇಳೆಗೆ ದೈತ್ಯ ಹಾಸ್ಯಜೋಡಿ ಆಬಟ್ ಮತ್ತು ಕಾಸ್ಟೆಲೊ ಎದುರು ನಗೆಪಾಟಲಾದ. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ 1957ರ ವರ್ಣಚಿತ್ರದಲ್ಲಿ ಪೀಟರ್ ಕುಶಿಂಗ್ ಅವರ ಬ್ಯಾರನ್ ಪಾತ್ರವೇ ಕೇಂದ್ರವಾಯಿತು. ಕ್ರಿಸ್ಟೋಫರ್ ಲೀ ಅಭಿನಯಿಸಿದ ಜೀವಿ ಮತ್ತೆ ಮೂಕ.

ಪುಸ್ತಕಪ್ರಿಯರ ನಿರೀಕ್ಷೆ ಗರಿಗೆದರಿದ್ದು 1994ರಲ್ಲಿ. ಕೆನೆತ್ ಬ್ರಾನಾ ನಿರ್ದೇಶಿಸಿ ವಿಕ್ಟರ್ ಆಗಿ ನಟಿಸಿದ ಚಿತ್ರದ ಶೀರ್ಷಿಕೆಯಲ್ಲೇ ಮೇರಿ ಶೆಲ್ಲಿ ಅವರ ಹೆಸರಿತ್ತು. ನಿರ್ಮಾಪಕರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಒಬ್ಬರು. ಜೀವಿಯ ಪಾತ್ರಕ್ಕೆ ರಾಬರ್ಟ್ ಡಿ ನಿರೊ. ಉತ್ತರ ಧ್ರುವದ ಹಿಮವಿತ್ತು, ಓದುವ, ಮಾತನಾಡುವ ಜೀವಿಯೂ ಇತ್ತು. ಆದರೂ ಚಿತ್ರ ನಿರಾಸೆ ತಂದಿತು. ಎಡೆಬಿಡದೆ ಸುತ್ತುವ ಕ್ಯಾಮೆರಾ, ಅಬ್ಬರದ ಸಂಗೀತದ ನಡುವೆ ಜೀವಿಯ ಮಾತು ಕೇಳಿಸದಾಯಿತು ಎಂಬುದು ದೂರು. ಕೊಲೆಯಾದ ಎಲಿಜಬೆತ್‌ಳನ್ನು ವಿಕ್ಟರ್ ಮತ್ತೆ ಬದುಕಿಸುವ, ಪುಸ್ತಕದಲ್ಲಿಲ್ಲದ ಪ್ರಸಂಗವೂ ಸೇರಿತ್ತು. ಚಿತ್ರಕಥೆ ಬರೆದವರಲ್ಲೊಬ್ಬರಾದ ಫ್ರ್ಯಾಂಕ್ ಡ್ಯಾರಬಾಂಟ್ ತಮ್ಮ ಬರಹಕ್ಕೆ ತೆರೆಯ ಮೇಲೆ ನ್ಯಾಯ ಸಿಗಲಿಲ್ಲವೆಂದು ಬಹಿರಂಗವಾಗಿಯೇ ಬೇಸರ ವ್ಯಕ್ತಪಡಿಸಿದರು.

2025ರಲ್ಲಿ ಗಿಲ್ಲೆರ್ಮೊ ಡೆಲ್ ಟೊರೊ ನೆಟ್‌ಫ್ಲಿಕ್ಸ್‌ಗಾಗಿ ಮಾಡಿದ ಚಿತ್ರ ಹಳೆಯ ಬಾಕಿಯೊಂದನ್ನು ತೀರಿಸಿತು. ವಿಕ್ಟರ್ ತನ್ನ ಕಥೆ ಹೇಳಿದ ಮೇಲೆ, ಜೇಕಬ್ ಎಲಾರ್ಡಿ ಅಭಿನಯಿಸಿದ ಜೀವಿ ತನ್ನ ಪಾಲಿನ ಕಥೆಯನ್ನು ತಾನೇ ಹೇಳುತ್ತದೆ. ಆದರೆ ಇಲ್ಲಿ ಇನ್ನೊಂದು ತೂಕ ತಪ್ಪಿತು. ಪುಸ್ತಕದ ಜೀವಿ ಬಾಲಕನನ್ನು ಕೊಂದು, ನಿರಪರಾಧಿ ಹೆಣ್ಣೊಬ್ಬಳನ್ನು ಗಲ್ಲಿಗೆ ಸಿಲುಕಿಸುತ್ತದೆ. ಓದುಗ ಆ ಕ್ರೌರ್ಯವನ್ನೂ ಆ ಅಳಲನ್ನೂ ಒಟ್ಟಿಗೆ ಹೊರಬೇಕು. ಹೊಸ ಚಿತ್ರ ಆ ಅಪರಾಧಗಳನ್ನು ಬಹುಮಟ್ಟಿಗೆ ಅಳಿಸಿ, ಕೊನೆಯಲ್ಲಿ ಕ್ಷಮೆಯ ಸಾಂತ್ವನ ಕೊಡುತ್ತದೆ. ಒಂದು ಕಾಲದ ಸಿನಿಮಾ ಜೀವಿಯನ್ನು ಹುಟ್ಟು ದುಷ್ಟನಾಗಿಸಿತು, ಇನ್ನೊಂದು ಕಾಲದ್ದು ನಿರ್ದೋಷಿಯಾಗಿಸಿತು. ಮೇರಿ ಬರೆದದ್ದು ಇವೆರಡರ ನಡುವಿನ ಕಷ್ಟದ ಹಾದಿಯನ್ನು.

ಮೇರಿ ಶೆಲ್ಲಿ ಅವರ ಸಮಾಧಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್ ಪಟ್ಟಣದ ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲಿದೆ. ತಂದೆತಾಯಿಯ ಬಳಿ ಮಣ್ಣಾಗಬೇಕೆಂಬುದು ಅವರ ಇಚ್ಛೆಯಾಗಿತ್ತು. ಸೇಂಟ್ ಪ್ಯಾಂಕ್ರಾಸ್‌ನ ಸ್ಥಿತಿ ಕಂಡು ಒಪ್ಪದ ಮಗ ಮತ್ತು ಸೊಸೆ, ತಂದೆತಾಯಿಯ ಅವಶೇಷಗಳನ್ನೇ ಅಲ್ಲಿಂದ ತೆಗೆಸಿ ಬೋರ್ನ್‌ಮತ್‌ಗೆ ತರಿಸಿದರು. ಹನ್ನೊಂದು ದಿನವಷ್ಟೇ ಜತೆಗಿದ್ದ ತಾಯಿಯೂ, ಬಾಗಿಲು ಮುಚ್ಚಿ ಮತ್ತೆ ತೆರೆದ ತಂದೆಯೂ ಈಗ ಮಗಳ ಪಕ್ಕದಲ್ಲಿದ್ದಾರೆ. ಆ ಮಗಳು ಸೃಷ್ಟಿಸಿದ ಜೀವಿಗೆ ಮಾತ್ರ ಕೊನೆಯವರೆಗೂ ಮನೆಯೆಂಬುದು ಸಿಗಲಿಲ್ಲ. ವಾಲ್ಟನ್‌ನ ಹಡಗಿನಿಂದ ಜಿಗಿದು, ಮಂಜಿನ ಹಲಗೆಯ ಮೇಲೆ ಕತ್ತಲಲ್ಲಿ ಕರಗುವ ಮುನ್ನ ಅದು ತನ್ನ ತಪ್ಪನ್ನೂ ತನಗಾದ ಅನ್ಯಾಯವನ್ನೂ ಹೇಳಿಯೇ ಹೋಗುತ್ತದೆ. ತೆರೆಯ ಮೇಲೆ ಕೇಳದ ಆ ಮಾತನ್ನು ಕೇಳಬೇಕೆನ್ನುವವರು ಇಂದಿಗೂ ಪುಸ್ತಕದ ಬಳಿಗೇ ಹೋಗಬೇಕಾಗಿದೆ.